ಮೊದಲ ದಿನ ಗೊತ್ತು, ಸೋಮವಾರ ಗೊತ್ತಿಲ್ಲ: ಗೂಢಚಾರಿ ಚಿತ್ರಗಳ ಗಲ್ಲಾಪೆಟ್ಟಿಗೆ ಲೆಕ್ಕ

2025ರ ಆಗಸ್ಟ್ 14ರಂದು 'ವಾರ್ 2' ತೆರೆಗೆ ಬಂತು. ಯಶ್‌ರಾಜ್ ಫಿಲ್ಮ್ಸ್‌ನ ಗೂಢಚಾರಿ ಸರಣಿಯ ಆರನೇ ಚಿತ್ರ. ಹೃತಿಕ್ ರೋಷನ್ ಜೊತೆಗೆ ಜೂನಿಯರ್ ಎನ್‌ಟಿಆರ್. ಮರುದಿನವೇ ಸ್ವಾತಂತ್ರ್ಯ ದಿನದ ರಜೆ. ಭಾರತದಲ್ಲಿ ಮೊದಲ ದಿನವೇ 50 ಕೋಟಿ ರೂಪಾಯಿ ನೆಟ್ (ತೆರಿಗೆ ಕಳೆದ ಗಳಿಕೆ) ದಾಟಿತು. ಅದೇ ವರ್ಷ ಡಿಸೆಂಬರ್ 5ಕ್ಕೆ ಇನ್ನೊಂದು ಗೂಢಚಾರಿ ಚಿತ್ರ 'ಧುರಂಧರ್' ಬಂತು. ಮೂರೂವರೆ ಗಂಟೆಗೂ ಜಾಸ್ತಿ ಉದ್ದ. ಹಿಂದಿ ಒಂದೇ ಭಾಷೆ. ಬೆನ್ನಿಗೆ ಯಾವ ಹಳೆಯ ಸರಣಿಯೂ ಇಲ್ಲ. ಗಲ್ಫ್ ದೇಶಗಳಲ್ಲಂತೂ ಬಿಡುಗಡೆಯೇ ಆಗಲಿಲ್ಲ. ಮೊದಲ ದಿನದ ನೆಟ್ 28 ಕೋಟಿ ಆಸುಪಾಸು.

ಈ ಎರಡು ಅಂಕಿಗಳನ್ನಷ್ಟೇ ಮುಂದಿಟ್ಟು ಯಾವುದು ದೊಡ್ಡ ಹಿಟ್ ಅಂತ ಕೇಳಿದ್ದರೆ ಯಾರಾದರೂ 'ವಾರ್ 2' ಅಂತಲೇ ಹೇಳುತ್ತಿದ್ದರು. ಆದದ್ದು ಬೇರೆ. 'ವಾರ್ 2' ಭಾರತದಲ್ಲಿ 235 ಕೋಟಿ ಆಸುಪಾಸಿನಲ್ಲಿ ನಿಂತಿತು. 'ಧುರಂಧರ್' 800 ಕೋಟಿ ದಾಟಿತು. ಮೊದಲನೆಯದು ತನ್ನ ಮೊದಲ ದಿನದ ನಾಲ್ಕೂವರೆ ಪಟ್ಟು ಗಳಿಸಿತು. ಎರಡನೆಯದು ಮೂವತ್ತು ಪಟ್ಟಿನ ಹತ್ತಿರಕ್ಕೆ ಹೋಯಿತು. ಅದರ ಎರಡನೇ ವಾರದ ಕಲೆಕ್ಷನ್ ಮೊದಲ ವಾರಕ್ಕಿಂತ ಜಾಸ್ತಿ. ಇಷ್ಟು ದೊಡ್ಡ ಚಿತ್ರಕ್ಕೆ ಹೀಗಾಗುವುದು ತೀರಾ ಅಪರೂಪ.

ಹಾಗಾದರೆ ಗಲ್ಲಾಪೆಟ್ಟಿಗೆ ಭವಿಷ್ಯ ಹೇಳುವುದೆಲ್ಲ ಸುಮ್ನೆ ಗಾಳಿಯಲ್ಲಿ ಗುಂಡು ಹಾರಿಸುವ ಕೆಲಸವಾ? ಪೂರ್ತಿ ಹಾಗೇನೂ ಅಲ್ಲ. ನಾವು ಒಂದೇ ಪ್ರಶ್ನೆ ಅಂದುಕೊಂಡಿರುವುದರಲ್ಲಿ ಮೂರು ಪ್ರಶ್ನೆಗಳಿವೆ. ಮೊದಲ ಮೂರು ದಿನ ಎಷ್ಟು ಬರುತ್ತದೆ? ಆಮೇಲೆ ಎಷ್ಟು ದಿನ ನಿಲ್ಲುತ್ತದೆ? ಬಂದದ್ದರಲ್ಲಿ ಹಾಕಿದ ದುಡ್ಡು ಹುಟ್ಟುತ್ತದಾ? ಸರಣಿ ಚಿತ್ರಗಳಲ್ಲಿ ಮೊದಲನೆಯದನ್ನು ಸಾಕಷ್ಟು ಸರಿಯಾಗಿ ಹೇಳಬಹುದು. ಎರಡನೆಯದು ಬಹುಮಟ್ಟಿಗೆ ಯಾರ ಕೈಗೂ ಸಿಗುವುದಿಲ್ಲ. ಮೂರನೆಯದಕ್ಕೆ ಉತ್ತರ ಪ್ರೇಕ್ಷಕರಿಗಿಂತ ಹೆಚ್ಚಾಗಿ ನಿರ್ಮಾಪಕರ ಖರ್ಚಿನ ಪುಸ್ತಕದಲ್ಲಿರುತ್ತದೆ. ನಮ್ಮ ಚರ್ಚೆ ಮಾತ್ರ ಯಾವಾಗಲೂ ಮೊದಲನೆಯದರ ಸುತ್ತಲೇ ತಿರುಗುತ್ತದೆ.

ಓಪನಿಂಗ್, ಅಂದರೆ ಮೊದಲ ದಿನಗಳ ಗಳಿಕೆಯನ್ನು ಅಂದಾಜು ಮಾಡುವುದು ಹೇಗೆ ಅಂತ ಮೊದಲು ನೋಡೋಣ. ಹಾಲಿವುಡ್‌ನಲ್ಲಿ ಬಿಡುಗಡೆಗೆ ಮೂರು–ನಾಲ್ಕು ವಾರ ಇರುವಾಗ 'ಟ್ರ್ಯಾಕಿಂಗ್' ಶುರುವಾಗುತ್ತದೆ. ಸಮೀಕ್ಷೆಯಲ್ಲಿ ಕೇಳುವುದು ಸರಳ ಪ್ರಶ್ನೆಗಳು. ಮುಂದೆ ಬರಲಿರುವ ಚಿತ್ರಗಳಲ್ಲಿ ಯಾವುದು ನೆನಪಿಗೆ ಬರುತ್ತದೆ? ಹೆಸರು ಹೇಳಿದರೆ ಗೊತ್ತಾಗುತ್ತದಾ? ಖಂಡಿತ ನೋಡುತ್ತೀರಾ? ಆ ವಾರ ಒಂದೇ ಚಿತ್ರ ನೋಡುವುದಾದರೆ ಇದನ್ನೇ ನೋಡುತ್ತೀರಾ? ಈ ಉತ್ತರಗಳನ್ನು ಹಿಂದಿನ ಅದೇ ಥರದ ಚಿತ್ರಗಳ ಅಂಕಿಗಳ ಪಕ್ಕ ಇಡುತ್ತಾರೆ. ಅದರ ಮೇಲೆ ಮುಂಗಡ ಬುಕಿಂಗ್ ಸೇರಿಸುತ್ತಾರೆ. ನಮ್ಮಲ್ಲಿ ಸಮೀಕ್ಷೆಗಿಂತ ಮುಂಗಡ ಬುಕಿಂಗ್‌ಗೇ ಜಾಸ್ತಿ ಬೆಲೆ. ಬುಕ್‌ಮೈಶೋನಲ್ಲಿ ಗಂಟೆಗೆ ಎಷ್ಟು ಟಿಕೆಟ್ ಹೋಗುತ್ತಿದೆ ಅಂತ ನೋಡುತ್ತಾ ಕೂರುವವರ ದೊಡ್ಡ ಗುಂಪೇ ಇದೆ.

ಸರಣಿ ಚಿತ್ರಗಳಿಗೆ ಈ ವಿಧಾನ ಚೆನ್ನಾಗಿ ಒಗ್ಗುತ್ತದೆ, ಏಕೆಂದರೆ ಹೋಲಿಸಿ ನೋಡಲು ಅದೇ ಸರಣಿಯ ಹಳೆಯ ಚಿತ್ರಗಳಿರುತ್ತವೆ. ಬಾಂಡ್ ಅಂದರೆ ಏನು, 'ಮಿಷನ್ ಇಂಪಾಸಿಬಲ್'ನ ಈಥನ್ ಹಂಟ್ ಏನು ಮಾಡುತ್ತಾನೆ ಅಂತ ಯಾರಿಗೂ ಹೊಸದಾಗಿ ಹೇಳಬೇಕಿಲ್ಲ. ಮೊದಲ ದಿನ ಹೋಗುವವರು ಚಿತ್ರ ಚೆನ್ನಾಗಿದೆ ಅಂತ ಕೇಳಿ ಹೋಗುವವರಲ್ಲ. ಅವರಿಗೆ ಅದು ಗೊತ್ತಿರುವುದೇ ಇಲ್ಲ. ಅವರು ಹೋಗುವುದು ಹಿಂದಿನ ಚಿತ್ರದ ನೆನಪಿನ ಮೇಲೆ. ಒಂದು ಚಿತ್ರ ಬಿತ್ತಿದ್ದನ್ನು ಮುಂದಿನ ಚಿತ್ರ ಕೊಯ್ಯುತ್ತದೆ.

ಇದಕ್ಕೆ ಡೇನಿಯಲ್ ಕ್ರೇಗ್‌ನ ಮೊದಲೆರಡು ಬಾಂಡ್ ಚಿತ್ರಗಳಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 2006ರ 'ಕ್ಯಾಸಿನೋ ರಾಯಲ್' ಬಂದಾಗ ಕ್ರೇಗ್ ಆಯ್ಕೆಯ ಬಗ್ಗೆಯೇ ತಕರಾರಿತ್ತು. ಬಾಂಡ್‌ಗೆ ಹೊಂಬಣ್ಣದ ಕೂದಲಾ ಅಂತ ಅಭಿಮಾನಿಗಳು ಮೂಗು ಮುರಿದಿದ್ದರು. ಅಮೆರಿಕ–ಕೆನಡಾದಲ್ಲಿ ಮೊದಲ ವಾರಾಂತ್ಯ ಬಂದದ್ದು ಸುಮಾರು 4.1 ಕೋಟಿ ಡಾಲರ್. ಜನ ಮೆಚ್ಚಿದರು. ಕೊನೆಗೆ 16.7 ಕೋಟಿಗೆ ಮುಟ್ಟಿತು. ಎರಡು ವರ್ಷದ ನಂತರ 'ಕ್ವಾಂಟಮ್ ಆಫ್ ಸೊಲೇಸ್' ಬಂತು. ಮೊದಲ ವಾರಾಂತ್ಯವೇ 6.7 ಕೋಟಿ ಮೀರಿತು. ಕೊನೆಗೆ ಎಷ್ಟು? 16.8 ಕೋಟಿ. ಒಟ್ಟು ಹೆಚ್ಚುಕಡಿಮೆ ಅಷ್ಟೇ, ಬಂದ ರೀತಿ ಮಾತ್ರ ಪೂರ್ತಿ ಉಲ್ಟಾ. ಎರಡನೆಯದರ ಓಪನಿಂಗ್ ಮೊದಲನೆಯದು ಸಂಪಾದಿಸಿ ಕೊಟ್ಟದ್ದು. ಚಿತ್ರಕಥೆಗಾರರ ಮುಷ್ಕರದ ನಡುವೆ ಅರ್ಧಂಬರ್ಧ ಕಥೆಯಲ್ಲಿ ತಯಾರಾದ ಆ ಚಿತ್ರ ಮೊದಲ ವಾರಾಂತ್ಯದ ಎರಡೂವರೆ ಪಟ್ಟಿಗೇ ಸುಸ್ತಾಯಿತು.

ಈ ತರ್ಕವನ್ನೇ ಮುಂದುವರಿಸಿದರೆ 2012ರ 'ಸ್ಕೈಫಾಲ್' ತಣ್ಣಗೆ ಶುರುವಾಗಬೇಕಿತ್ತು. ಆಗಲಿಲ್ಲ. 8.8 ಕೋಟಿ ಡಾಲರ್ ಓಪನಿಂಗ್. ವಿಶ್ವದಾದ್ಯಂತ 110 ಕೋಟಿ ಡಾಲರ್. ಬಾಂಡ್ ಸರಣಿಯಲ್ಲಿ 100 ಕೋಟಿ ಡಾಲರ್ ದಾಟಿದ್ದು ಅದೊಂದೇ. ನಡುವೆ ನಾಲ್ಕು ವರ್ಷದ ಬಿಡುವು ಸಿಕ್ಕಿತ್ತು. ಸರಣಿಗೆ ಐವತ್ತು ತುಂಬಿದ ವರ್ಷ ಬೇರೆ. ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಕ್ರೇಗ್ ಬಕಿಂಗ್‌ಹ್ಯಾಮ್ ಅರಮನೆಗೆ ಹೋಗಿ ರಾಣಿಯನ್ನು ಕರೆತರುವ ತುಣುಕನ್ನು ಕೋಟ್ಯಂತರ ಜನ ನೋಡಿದರು. ಅಷ್ಟು ದೊಡ್ಡ ಪುಕ್ಕಟೆ ಜಾಹೀರಾತು ಯಾವ ಚಿತ್ರಕ್ಕೂ ಸಿಕ್ಕಿರಲಾರದು. ಮೇಲೆ ಅಡೆಲ್ ಹಾಡಿದ ಶೀರ್ಷಿಕೆ ಗೀತೆ. ಹಿಂದಿನ ಚಿತ್ರದ ಬೇಸರ ಇಷ್ಟರಲ್ಲಿ ಮರೆತೇಹೋಗಿತ್ತು. ಯಾವ ಮಾದರಿಯಲ್ಲೂ ಒಲಿಂಪಿಕ್ಸ್‌ಗೆ ಒಂದು ಕಾಲಂ ಇರುವುದಿಲ್ಲ ಅಲ್ವಾ?

ಇನ್ನು ಪ್ರಕಾರದ ವಿಷಯ. 'ಈಗ ಸ್ಪೈ ಚಿತ್ರಗಳ ಟ್ರೆಂಡ್ ಇದೆ' ಅನ್ನುವ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ. 2015 ಒಂದೇ ವರ್ಷದಲ್ಲಿ ಹಾಲಿವುಡ್‌ನಿಂದ ದೊಡ್ಡ ಗೂಢಚಾರಿ ಚಿತ್ರಗಳು ಸಾಲಾಗಿ ಬಂದವು. ಹೊಸದಾಗಿ ಶುರುವಾದ 'ಕಿಂಗ್ಸ್‌ಮನ್' 41 ಕೋಟಿ ಡಾಲರ್ ಮಾಡಿತು. ಮಿಷನ್ ಇಂಪಾಸಿಬಲ್‌ನ ಐದನೇ ಚಿತ್ರ 68 ಕೋಟಿ. ಬಾಂಡ್‌ನ 'ಸ್ಪೆಕ್ಟರ್' 88 ಕೋಟಿ. ಅದೇ ವರ್ಷ 'ದಿ ಮ್ಯಾನ್ ಫ್ರಮ್ ಅಂಕಲ್' 11 ಕೋಟಿಯನ್ನೂ ದಾಟಲು ಒದ್ದಾಡಿ ಮಕಾಡೆ ಮಲಗಿತು. ಮಿಷನ್ ಮತ್ತು ಅಂಕಲ್ ಎರಡೂ 1960ರ ದಶಕದ ಅಮೆರಿಕನ್ ಟಿವಿ ಧಾರಾವಾಹಿಗಳಿಂದ ಹುಟ್ಟಿದವು. ಒಂದನ್ನು ಟಾಮ್ ಕ್ರೂಸ್ 1996ರಿಂದ ಜೀವಂತ ಇಟ್ಟಿದ್ದರು. ಇನ್ನೊಂದರ ಹೆಸರು ಇಪ್ಪತ್ತರ ಹುಡುಗರಿಗೆ ಗೊತ್ತೇ ಇರಲಿಲ್ಲ. ಹಳೇ ಹೆಸರಿದ್ದ ಮಾತ್ರಕ್ಕೆ ಸರಣಿ ಆಗುವುದಿಲ್ಲ.

ಈಗ ಬರೋಣ ನನಗೆ ಎಲ್ಲಕ್ಕಿಂತ ಕುತೂಹಲದ ಪ್ರಕರಣಕ್ಕೆ. 2023ರ ಜುಲೈನಲ್ಲಿ ಬಂದ 'ಮಿಷನ್: ಇಂಪಾಸಿಬಲ್ – ಡೆಡ್ ರೆಕನಿಂಗ್ ಪಾರ್ಟ್ ಒನ್'. ಕಾಗದದ ಮೇಲೆ ಎಲ್ಲವೂ ಅನುಕೂಲವಾಗಿತ್ತು. ಹಿಂದಿನ ಚಿತ್ರ 'ಫಾಲ್‌ಔಟ್' 2018ರಲ್ಲಿ 79 ಕೋಟಿ ಡಾಲರ್ ಗಳಿಸಿ ಸರಣಿಯ ದಾಖಲೆ ಬರೆದಿತ್ತು. 2022ರಲ್ಲಿ ಕ್ರೂಸ್‌ನ 'ಟಾಪ್ ಗನ್: ಮೇವರಿಕ್' 149 ಕೋಟಿ ಡಾಲರ್ ಬಾಚಿತ್ತು. ವಿಮರ್ಶೆಗಳು ಚೆನ್ನಾಗಿದ್ದವು. ಅಮೆರಿಕದಲ್ಲಿ ಮೊದಲ ದಿನ ಚಿತ್ರಮಂದಿರದಿಂದ ಹೊರಬರುವ ಜನರನ್ನೇ ಕೇಳಿ ಅಂಕ ಕೊಡುವ ಸಿನಿಮಾಸ್ಕೋರ್ 'ಎ' ದರ್ಜೆ ಕೊಟ್ಟಿತ್ತು. 'ಫಾಲ್‌ಔಟ್'ಗೂ ಅದೇ 'ಎ'. ಆದರೂ ವಿಶ್ವದಾದ್ಯಂತ 57 ಕೋಟಿ ಡಾಲರ್‌ಗೆ ನಿಂತುಹೋಯಿತು. ಅಮೆರಿಕದಲ್ಲಿ ಎರಡನೇ ವಾರಾಂತ್ಯ ಶೇ 64ರಷ್ಟು ಕುಸಿಯಿತು.

ಕಾರಣ ಅಂತ ಎಲ್ಲರೂ ಹೇಳುವುದು ಬಾರ್ಬಿ ಮತ್ತು ಓಪನ್‌ಹೈಮರ್. ಜುಲೈ 12ಕ್ಕೆ ಮಿಷನ್, 21ಕ್ಕೆ ಅವೆರಡು. ಇದು ನಿಜ, ಆದರೆ ಎಲ್ಲಿ ಪೆಟ್ಟು ಬಿತ್ತು ಅನ್ನುವುದು ಮುಖ್ಯ. ಓಪನ್‌ಹೈಮರ್ ಚಿತ್ರೀಕರಿಸಿದ್ದೇ ಐಮ್ಯಾಕ್ಸ್ ಕ್ಯಾಮೆರಾಗಳಲ್ಲಿ. ಅದಕ್ಕೆ ಐಮ್ಯಾಕ್ಸ್ ಪರದೆಗಳನ್ನು ಮೂರು ವಾರಗಳ ಮಟ್ಟಿಗೆ ಮುಂಚಿತವಾಗಿಯೇ ಕಾದಿರಿಸಿದ್ದರು. ಅಂದರೆ ಮಿಷನ್‌ಗೆ ಸಿಕ್ಕಿದ್ದು ಹತ್ತಿರ ಹತ್ತಿರ ಒಂದು ವಾರ. ಈ ಥರದ ಚಿತ್ರವನ್ನು ಜನ ನೋಡಲು ಬಯಸುವುದೇ ದೊಡ್ಡ ಪರದೆಯಲ್ಲಿ. ಅಲ್ಲಿ ಟಿಕೆಟ್ ದರವೂ ಜಾಸ್ತಿ. ಎರಡನೇ ವಾರ ಹೋಗೋಣ ಅಂದುಕೊಂಡವರಿಗೆ ಆ ಪರದೆಯೇ ಇರಲಿಲ್ಲ. ಬಿಡುಗಡೆಯಾದ ಎರಡೇ ದಿನಕ್ಕೆ, ಜುಲೈ 14ರಿಂದ, ನಟರ ಸಂಘದ ಮುಷ್ಕರ ಶುರುವಾಯಿತು. ಕಲಾವಿದರು ಪ್ರಚಾರಕ್ಕೂ ಹೋಗುವಂತಿರಲಿಲ್ಲ. ಹೆಸರಲ್ಲಿದ್ದ 'ಪಾರ್ಟ್ ಒನ್' ಕೂಡ ಪೆಟ್ಟು ಕೊಟ್ಟಿರಬಹುದು ಅಂತ ನನ್ನ ಅನುಮಾನ. ಅರ್ಧ ಕಥೆಗೆ ಪೂರ್ತಿ ಟಿಕೆಟ್ ಯಾಕೆ ಅನ್ನಿಸುವುದು ಸಹಜ. ಮುಂದಿನ ಚಿತ್ರದ ಹೆಸರಿನಿಂದ 'ಪಾರ್ಟ್ ಟು' ಅನ್ನು ಸ್ಟುಡಿಯೋ ಕಿತ್ತುಹಾಕಿ 'ದಿ ಫೈನಲ್ ರೆಕನಿಂಗ್' ಅಂತ ಮಾಡಿತು.

ಆದರೆ ಅಂಕಿಗಳನ್ನು ದೇಶವಾರು ಬಿಡಿಸಿದರೆ ಬೇರೆಯದೇ ಕಥೆ ಕಾಣುತ್ತದೆ. 'ಫಾಲ್‌ಔಟ್'ನ 79 ಕೋಟಿಯಲ್ಲಿ 18 ಕೋಟಿ ಬಂದದ್ದು ಚೀನಾದಿಂದ. 'ಡೆಡ್ ರೆಕನಿಂಗ್'ಗೆ ಚೀನಾದಲ್ಲಿ ಸಿಕ್ಕಿದ್ದು 5 ಕೋಟಿಯೂ ಇಲ್ಲ. ಎರಡು ಚಿತ್ರಗಳ ನಡುವಿನ ವ್ಯತ್ಯಾಸ 22 ಕೋಟಿ ಡಾಲರ್. ಅದರಲ್ಲಿ 13 ಕೋಟಿ, ಅಂದರೆ ಶೇ 60ರಷ್ಟು, ಚೀನಾ ಒಂದರಲ್ಲೇ ಹೋಯಿತು. ಅಲ್ಲಿ ಬಾರ್ಬಿ ಬಂದರೂ ಅದರ ಗಳಿಕೆ ಸಣ್ಣದು, ಓಪನ್‌ಹೈಮರ್ ಬಂದದ್ದು ಆಗಸ್ಟ್ ಕೊನೆಗೆ, ಆ ಹೊತ್ತಿಗೆ ಎರಡೂ ದೊಡ್ಡ ಸ್ಪರ್ಧಿಗಳೇ ಆಗಿರಲಿಲ್ಲ. ಚೀನಾದ ಪ್ರೇಕ್ಷಕರು ಆ ವೇಳೆಗೆ ತಮ್ಮದೇ ಭಾಷೆಯ ದೊಡ್ಡ ಚಿತ್ರಗಳ ಕಡೆ ತಿರುಗಿದ್ದರು. ಹಾಲಿವುಡ್‌ನ ಬಹುತೇಕ ಎಲ್ಲ ಸರಣಿಗಳೂ ಅಲ್ಲಿ ಸೊರಗಿದವು. ಚೀನಾವನ್ನು ಪಕ್ಕಕ್ಕಿಟ್ಟರೆ 61 ಕೋಟಿ ಇದ್ದದ್ದು 52 ಕೋಟಿ ಆಯಿತು. ಕುಸಿತ ಹೌದು, ಮಹಾ ದುರಂತ ಅಲ್ಲ.

ಅಷ್ಟಕ್ಕೂ ಚೀನಾದಲ್ಲಿ ಮಾರಾಟವಾಗುವ ಟಿಕೆಟ್ ಹಣದಲ್ಲಿ ಹಾಲಿವುಡ್ ಸ್ಟುಡಿಯೋಗೆ ದಕ್ಕುವುದು ಶೇ 25. ಅಮೆರಿಕದಲ್ಲಿ ಅರ್ಧ ಅಥವಾ ಅದಕ್ಕಿಂತ ತುಸು ಜಾಸ್ತಿ. ಬೇರೆ ದೇಶಗಳಲ್ಲಿ ಸರಾಸರಿ ಶೇ 40ರ ಸುತ್ತ. ಹೀಗಾಗಿ ಎಲ್ಲ ಕೋಟಿಗಳೂ ಒಂದೇ ತೂಕದವಲ್ಲ. ಈ ದರಗಳಲ್ಲಿ ಒರಟಾಗಿ ಲೆಕ್ಕ ಹಾಕಿದರೆ 'ಫಾಲ್‌ಔಟ್'ನಿಂದ ಸ್ಟುಡಿಯೋ ಪಾಲಿಗೆ 31 ಕೋಟಿ ಡಾಲರ್ ಬಂದಿರಬೇಕು. 'ಡೆಡ್ ರೆಕನಿಂಗ್'ನಿಂದ 24 ಕೋಟಿ. ವ್ಯತ್ಯಾಸ 7 ಕೋಟಿ ಮಾತ್ರ.

ಹಾಗಾದರೆ ಕೈ ಕಚ್ಚಿದ್ದು ಎಲ್ಲಿ? ಖರ್ಚಿನಲ್ಲಿ. 'ಫಾಲ್‌ಔಟ್'ನ ಬಜೆಟ್ ಸುಮಾರು 18 ಕೋಟಿ ಡಾಲರ್. 'ಡೆಡ್ ರೆಕನಿಂಗ್'ನದು 29 ಕೋಟಿ ಅಂತ ವರದಿಗಳಿವೆ. 2020ರ ಫೆಬ್ರುವರಿಯಲ್ಲಿ ವೆನಿಸ್‌ನಲ್ಲಿ ಚಿತ್ರೀಕರಣ ಶುರು ಮಾಡಲು ಹೊರಟಾಗಲೇ ಇಟಲಿಯಲ್ಲಿ ಕೊರೊನಾ ಕಾಣಿಸಿಕೊಂಡಿತು. ಆಮೇಲೆ ನಿಲ್ಲಿಸುವುದು, ಶುರು ಮಾಡುವುದು, ಮತ್ತೆ ನಿಲ್ಲಿಸುವುದು. ವಿಮೆ ಹಣ ಒಂದಷ್ಟು ಬಂದರೂ ಗಾಯ ದೊಡ್ಡದೇ. ಒಂದು ಚಿತ್ರ 18 ಹಾಕಿ 31 ತಂದಿತು. ಇನ್ನೊಂದು 29 ಹಾಕಿ 24 ತಂದಿತು. ಜಾಹೀರಾತು ಖರ್ಚು ಇದರಾಚೆಗೆ. ಪ್ರೇಕ್ಷಕರು ಅಷ್ಟೊಂದು ಬದಲಾಗಿರಲಿಲ್ಲ, ಬಿಲ್ ಬದಲಾಗಿತ್ತು.

2025ರ ಮೇ ತಿಂಗಳಲ್ಲಿ ಬಂದ 'ದಿ ಫೈನಲ್ ರೆಕನಿಂಗ್' ಇದನ್ನೇ ಇನ್ನಷ್ಟು ಗಟ್ಟಿ ಮಾಡಿತು. ಅಮೆರಿಕದಲ್ಲಿ ಸರಣಿಯಲ್ಲೇ ದೊಡ್ಡ ಓಪನಿಂಗ್. ಅದೇ ದಿನ ಡಿಸ್ನಿಯ 'ಲಿಲೊ ಅಂಡ್ ಸ್ಟಿಚ್' ಎದುರಿಗಿದ್ದರೂ ಎರಡಕ್ಕೂ ಜಾಗ ಸಿಕ್ಕಿತು, ಏಕೆಂದರೆ ಅದು ಮಕ್ಕಳ ಚಿತ್ರ, ಇದು ದೊಡ್ಡವರದ್ದು. ಐಮ್ಯಾಕ್ಸ್ ಪರದೆಗಳೂ ಈ ಸಲ ಕೈಯಲ್ಲಿದ್ದವು. ವಿಶ್ವದಾದ್ಯಂತ 60 ಕೋಟಿ ಡಾಲರ್ ಹತ್ತಿರ ಬಂತು. ಬಜೆಟ್ ಮಾತ್ರ 30ರಿಂದ 40 ಕೋಟಿ ಡಾಲರ್ ನಡುವೆ ಅಂತ ವರದಿಯಾಯಿತು. ಆ ಖರ್ಚಿಗೆ ಸರಣಿಯ ದಾಖಲೆ ಓಪನಿಂಗ್ ಕೂಡ ಸಾಲದು. ಇಂಥ ಚಿತ್ರಕ್ಕೆ ಓಪನಿಂಗ್ ಊಹಿಸಿ 'ಸರಿಯಾಗಿ ಹೇಳಿದೆ' ಅಂತ ಬೆನ್ನು ತಟ್ಟಿಕೊಳ್ಳುವುದರಲ್ಲಿ ಏನು ಅರ್ಥ?

ನಮ್ಮ ದೇಶದ ಲೆಕ್ಕ ಇನ್ನೂ ಗೋಜಲು. ಪೋಸ್ಟರ್ ಮೇಲೆ ಹಾಕುವುದು ವಿಶ್ವದ ಗ್ರಾಸ್, ಅಂದರೆ ತೆರಿಗೆಯೂ ಸೇರಿದ ಒಟ್ಟು ಗಳಿಕೆ. ಟಿವಿಯಲ್ಲಿ ಹೇಳುವುದು ನೆಟ್. ವಿತರಕರು ಮಾತಾಡುವುದು ಷೇರ್, ಅಂದರೆ ಚಿತ್ರಮಂದಿರದ ಪಾಲು ಕಳೆದು ತಮಗೆ ಉಳಿಯುವುದು. ನೀವು 236 ರೂಪಾಯಿ ಟಿಕೆಟ್ ಕೊಂಡರೆ ಶೇ 18 ಜಿಎಸ್‌ಟಿ ಕಳೆದು ನೆಟ್ 200. ಹಿಂದಿ ಚಿತ್ರಗಳಿಗೆ ಮಲ್ಟಿಪ್ಲೆಕ್ಸ್‌ಗಳ ರೂಢಿಯ ಪ್ರಕಾರ ಮೊದಲ ವಾರ ಅದರಲ್ಲಿ ವಿತರಕರಿಗೆ ಅರ್ಧ. ಎರಡನೇ ವಾರ ಶೇ 42.5. ಮೂರನೇ ವಾರ 37.5. ಆಮೇಲೆ 30. ಅಂದರೆ ಮೊದಲ ವಾರ ಬಂದ ನೂರು ರೂಪಾಯಿಗೂ ನಾಲ್ಕನೇ ವಾರ ಬಂದ ನೂರು ರೂಪಾಯಿಗೂ ನಿರ್ಮಾಪಕರ ಮಟ್ಟಿಗೆ ತುಂಬಾ ಅಂತರ. ಎಲ್ಲರೂ ಓಪನಿಂಗ್ ಹಿಂದೆ ಬೀಳುವುದಕ್ಕೆ ಇದೂ ಒಂದು ಕಾರಣ. ಪ್ರೇಕ್ಷಕರು ಬಾಯಿ ಬಿಟ್ಟು ಹೇಳುವುದಕ್ಕಿಂತ ಮೊದಲೇ ದುಡ್ಡು ಎತ್ತಿಬಿಡಬೇಕು ಅನ್ನುವ ಆತುರ.

ಯಶ್‌ರಾಜ್ ಸರಣಿಯನ್ನೇ ತೆಗೆದುಕೊಳ್ಳಿ. 2012ರ 'ಏಕ್ ಥಾ ಟೈಗರ್' ಮೊದಲ ದಿನದ ಸುಮಾರು ಆರು ಪಟ್ಟು ಗಳಿಸಿತು. 2017ರ 'ಟೈಗರ್ ಜಿಂದಾ ಹೈ' ಹತ್ತು ಪಟ್ಟು. 2019ರ 'ವಾರ್' ಆರು. 2023ರ 'ಪಠಾಣ್' ಒಂಬತ್ತೂವರೆ. ಅದೇ ವರ್ಷದ 'ಟೈಗರ್ 3' ಆರೂ ಚಿಲ್ಲರೆ. ಆಮೇಲೆ 'ವಾರ್ 2' ನಾಲ್ಕೂವರೆ. 'ವಾರ್'ಗೂ 'ವಾರ್ 2'ಗೂ ಮೊದಲ ದಿನದ ಅಂಕಿ ಹೆಚ್ಚುಕಡಿಮೆ ಒಂದೇ, 50 ಕೋಟಿ ಮೀರಿದ್ದು. ನಡುವೆ ಆರು ವರ್ಷದಲ್ಲಿ ಟಿಕೆಟ್ ದರ ಏರಿದೆ, ಜೂನಿಯರ್ ಎನ್‌ಟಿಆರ್‌ನಿಂದ ತೆಲುಗು ಮಾರುಕಟ್ಟೆ ದೊಡ್ಡದಾಗಿದೆ. ಅಷ್ಟಾದರೂ ಅದೇ ಅಂಕಿ ಅಂದರೆ ಒಳಗೆ ಕೂತ ತಲೆಗಳ ಸಂಖ್ಯೆ ಇಳಿದಿದೆ ಅಂತಲೇ ಅರ್ಥ. 'ವಾರ್ 2' ಬಂದ ದಿನವೇ ರಜನೀಕಾಂತ್‌ರ 'ಕೂಲಿ' ಕೂಡ ಬಂದಿತ್ತು. ದಕ್ಷಿಣದಲ್ಲಿ ಪರದೆಗಳು ಹಂಚಿಹೋದವು. ಆದರೂ ನಾಲ್ಕು ದಿನದ ವಾರಾಂತ್ಯ ಜೋರಾಗಿಯೇ ಇತ್ತು. ಸೋಮವಾರ 10 ಕೋಟಿಗಿಂತ ಕೆಳಗೆ ಬಿತ್ತು. ಚಿತ್ರದ ಒಟ್ಟು ಗಳಿಕೆಯ ಮುಕ್ಕಾಲು ಪಾಲು ಆ ನಾಲ್ಕು ದಿನಗಳದ್ದೇ.

ಸಿನಿಮಾ ವ್ಯಾಪಾರದವರು 'ಮಂಡೇ ಟೆಸ್ಟ್' ಅನ್ನುವುದು ಇದಕ್ಕೇ. ರಜೆ ಮುಗಿದಿದೆ, ಅಭಿಮಾನಿಗಳು ನೋಡಿ ಆಗಿದೆ. ಈಗ ಬರುವವರು ಪಕ್ಕದ ಮನೆಯವರು, ಆಫೀಸಿನವರು 'ಪರವಾಗಿಲ್ಲ, ನೋಡಬಹುದು' ಅಂದದ್ದನ್ನು ಕೇಳಿ ಬರುವವರು. ನನ್ನ ಮಟ್ಟಿಗೆ ಶುಕ್ರವಾರದ ಅಂಕಿಗಿಂತ ಸೋಮವಾರದ ಅಂಕಿಯಲ್ಲಿ ಮಾಹಿತಿ ಜಾಸ್ತಿ. ಶುಕ್ರವಾರದ ಅರ್ಧದಷ್ಟಾದರೂ ಸೋಮವಾರ ಬಂದರೆ ಚಿತ್ರ ಉಸಿರಾಡುತ್ತಿದೆ ಅಂತ ತಿಳಿಯಬಹುದು.

ಒಂದು 'ಯೂನಿವರ್ಸ್' ಕಟ್ಟಿದರೆ, ಅಂದರೆ ಬೇರೆ ಬೇರೆ ನಾಯಕರ ಚಿತ್ರಗಳನ್ನು ಒಂದೇ ಕಥಾಲೋಕಕ್ಕೆ ಸೇರಿಸಿದರೆ, ಒಂದು ಚಿತ್ರದ ಗೆಲುವು ಇನ್ನೊಂದಕ್ಕೆ ಹರಿಯುತ್ತದೆ ಅನ್ನುವ ನಂಬಿಕೆಯೂ ಇಲ್ಲಿ ಸಡಿಲಾಗುತ್ತದೆ. 'ಪಠಾಣ್' ವಿಶ್ವದಾದ್ಯಂತ 1,000 ಕೋಟಿ ದಾಟಿದ ವರ್ಷವೇ 'ಟೈಗರ್ 3' ಬಂತು. ಓಪನಿಂಗ್ 'ಪಠಾಣ್'ಗಿಂತ ಕಡಿಮೆ. 'ಪಠಾಣ್' ಶಾರುಖ್ ಖಾನ್ ನಾಲ್ಕು ವರ್ಷದ ನಂತರ ನಾಯಕನಾಗಿ ಮರಳಿದ ಚಿತ್ರ. ಆ ಹಸಿವು ಶಾರುಖ್‌ಗಾಗಿ ಇದ್ದದ್ದು, ಗೂಢಚಾರಿಗಾಗಿ ಅಲ್ಲ. 'ಟೈಗರ್ 3'ರ ದಿನಾಂಕವೂ ವಿಚಿತ್ರ. 2023ರ ನವೆಂಬರ್ 12, ದೀಪಾವಳಿಯ ಲಕ್ಷ್ಮೀಪೂಜೆಯ ಭಾನುವಾರ. ಆ ಸಂಜೆ ಉತ್ತರ ಭಾರತದಲ್ಲಿ ಯಾರೂ ಚಿತ್ರಮಂದಿರದ ಕಡೆ ತಲೆಹಾಕುವುದಿಲ್ಲ. ಮರುದಿನ ಸೋಮವಾರದ ಗಳಿಕೆ ಭಾನುವಾರವನ್ನು ಮೀರಿಸಿತು. ನಾಲ್ಕನೇ ದಿನ, 15ಕ್ಕೆ, ಮುಂಬೈನಲ್ಲಿ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಭಾರತ ಆಡುತ್ತಿತ್ತು. 19ರ ಭಾನುವಾರ ಅಹಮದಾಬಾದಿನಲ್ಲಿ ಫೈನಲ್. ಎರಡನೇ ಭಾನುವಾರವನ್ನೇ ಕ್ರಿಕೆಟ್ ನುಂಗಿತು. ವೇಳಾಪಟ್ಟಿ ತಿಂಗಳುಗಳ ಮೊದಲೇ ಎಲ್ಲರ ಕೈಯಲ್ಲಿತ್ತು. ಭಾರತ ಫೈನಲ್‌ಗೆ ಬರುತ್ತದಾ ಅನ್ನುವುದು ಮಾತ್ರ ಗೊತ್ತಿರಲಿಲ್ಲ.

ಕರ್ನಾಟಕದ ಲೆಕ್ಕಕ್ಕೂ ಒಂದು ತಮಾಷೆ ಇದೆ. ಹಿಂದಿ ಚಿತ್ರಗಳ ಹಂಚಿಕೆಯ ನಕ್ಷೆಯಲ್ಲಿ ನಮ್ಮ ರಾಜ್ಯ ಇವತ್ತಿಗೂ ಏಕೀಕರಣ ಆಗಿಲ್ಲ. ಬೆಂಗಳೂರು–ಮೈಸೂರು ಕಡೆಯದು 'ಮೈಸೂರು ಸರ್ಕ್ಯೂಟ್' (ಸರ್ಕ್ಯೂಟ್ ಅಂದರೆ ಹಂಚಿಕೆಯ ವಲಯ). ಹುಬ್ಬಳ್ಳಿ, ಬೆಳಗಾವಿ ಮುಂಬೈ ಸರ್ಕ್ಯೂಟ್‌ಗೆ. ಕಲಬುರಗಿ, ರಾಯಚೂರು ನಿಜಾಮ್‌ಗೆ. ಹೀಗಾಗಿ 'ಕರ್ನಾಟಕದಲ್ಲಿ ಇಷ್ಟು ಕಲೆಕ್ಷನ್' ಅಂತ ಯಾರಾದರೂ ಹೇಳಿದರೆ ಯಾವ ಕರ್ನಾಟಕ ಅಂತ ಕೇಳಬೇಕಾಗುತ್ತದೆ. ಟಿಕೆಟ್ ದರದ ವಿಷಯವೂ ಅಷ್ಟೇ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಟಿಕೆಟ್‌ಗೆ ತೆರಿಗೆ ಬಿಟ್ಟು 200 ರೂಪಾಯಿ ಮಿತಿ ಹಾಕಿತು. ಕೆಲವೇ ದಿನಗಳಲ್ಲಿ ಹೈಕೋರ್ಟ್ ತಡೆ ಕೊಟ್ಟಿತು. ಆ ಮಿತಿ ನಿಂತಿದ್ದರೆ ಬೆಂಗಳೂರಿನಲ್ಲಿ ದೊಡ್ಡ ಚಿತ್ರದ ಮೊದಲ ವಾರಾಂತ್ಯದ ಗಣಿತವೇ ಬದಲಾಗುತ್ತಿತ್ತು. ಅಂಥ ಚಿತ್ರ ಬಂದ ಭಾನುವಾರ ಬೆಂಗಳೂರಿನ ಮಲ್ಟಿಪ್ಲೆಕ್ಸ್‌ಗಳಲ್ಲಿ ದರ ಎಲ್ಲಿಗೆ ಹೋಗುತ್ತದೆ ಅಂತ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಅಂದಹಾಗೆ ಸ್ಪೈ ಸರಣಿ ನಮಗೇನೂ ಹೊಸದಲ್ಲ. 1968ರ 'ಜೇಡರ ಬಲೆ'ಯಿಂದ ರಾಜ್‌ಕುಮಾರ್ ಸಿಐಡಿ 999 ಆದರು. ಅದೇ ವರ್ಷ 'ಗೋವಾದಲ್ಲಿ ಸಿಐಡಿ 999', ಮರುವರ್ಷ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999', 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'. ನಾಲ್ಕನ್ನೂ ದೊರೈ–ಭಗವಾನ್ ನಿರ್ದೇಶಿಸಿದರು. 'ಯೂನಿವರ್ಸ್' ಅನ್ನುವ ಮಾತು ಹುಟ್ಟುವ ಎಷ್ಟೋ ಮೊದಲೇ ಗಾಂಧಿನಗರ ಒಂದು ಏಜೆಂಟ್ ಸರಣಿ ಮಾಡಿ ಮುಗಿಸಿತ್ತು.

ಕಂಪ್ಯೂಟರ್ ಇದನ್ನೆಲ್ಲ ಚೆನ್ನಾಗಿ ಹೇಳಲಾರದಾ? ಪ್ರಯತ್ನಗಳು ನಡೆದಿವೆ. 2010ರಲ್ಲಿ ಎಚ್‌ಪಿ ಲ್ಯಾಬ್ಸ್‌ನ ಇಬ್ಬರು ಸಂಶೋಧಕರು ಬಿಡುಗಡೆಗೆ ಮೊದಲು ಟ್ವಿಟರ್‌ನಲ್ಲಿ ಚಿತ್ರದ ಮಾತು ಎಷ್ಟು ವೇಗವಾಗಿ ಹರಡುತ್ತದೆ ಅಂತ ಅಳೆದು ಓಪನಿಂಗ್ ಅನ್ನು ತುಂಬಾ ಹತ್ತಿರವಾಗಿ ಹೇಳಿದರು. ಅವರು ನೋಡಿದ್ದು 24 ಚಿತ್ರಗಳನ್ನು. 2013ರಲ್ಲಿ ಇನ್ನೊಂದು ತಂಡ ವಿಕಿಪೀಡಿಯಾ ಪುಟಗಳನ್ನು ಎಷ್ಟು ಜನ ನೋಡುತ್ತಾರೆ, ತಿದ್ದುತ್ತಾರೆ ಅನ್ನುವುದರಿಂದ 312 ಚಿತ್ರಗಳ ಲೆಕ್ಕ ಹಾಕಿತು. ದೊಡ್ಡ ಹಿಟ್‌ಗಳ ವಿಷಯದಲ್ಲಿ ಅದು ಚೆನ್ನಾಗಿ ಕೆಲಸ ಮಾಡಿತು, ಸಣ್ಣ ಚಿತ್ರಗಳಲ್ಲಿ ಎಡವಿತು. ಎರಡೂ ಹೇಳಿದ್ದು ಮೊದಲ ವಾರಾಂತ್ಯವನ್ನು. ಈಗಂತೂ ಟ್ರೈಲರ್‌ನ ವೀಕ್ಷಣೆಗಳನ್ನು ದುಡ್ಡು ಕೊಟ್ಟು ತರಬಹುದು. ಹ್ಯಾಷ್‌ಟ್ಯಾಗ್‌ಗಳನ್ನು ಅಭಿಮಾನಿ ಸಂಘಗಳು ಬೆಳಗ್ಗೆ ಇಷ್ಟು ಗಂಟೆಗೆ ಅಂತ ಹೇಳಿಸಿ ಏರಿಸುತ್ತವೆ. ನಮ್ಮಲ್ಲಿ ಒಟ್ಟೊಟ್ಟಿಗೆ ಟಿಕೆಟ್ ಕೊಂಡು ಮುಂಗಡ ಬುಕಿಂಗ್ ಹಿಗ್ಗಿಸುತ್ತಾರೆ ಅನ್ನುವ ದೂರು ಬೇರೆ. ಅಮೆರಿಕದಲ್ಲಿ ಚಿತ್ರಮಂದಿರಗಳಿಂದಲೇ ಗಳಿಕೆಯ ಲೆಕ್ಕ ಇಡುವ ಕಾಮ್‌ಸ್ಕೋರ್ ಕಂಪನಿಗೆ ಅಂಕಿ ಹೋಗುತ್ತದೆ. ನಮಗೆ ಹಾಗೆ ಎಲ್ಲರೂ ಒಪ್ಪುವ ಲೆಕ್ಕವೇ ಇಲ್ಲ. ಹಾಳೆಯಲ್ಲಿರುವ ಅಂಕಿಯೇ ಅನುಮಾನದ್ದಾದರೆ ಎಷ್ಟು ಜಾಣ ಮಾದರಿ ಇದ್ದು ಏನು ಮಾಡೀತು?

ಈಗ ಎಲ್ಲರ ಕಣ್ಣು ಮುಂದಿನ ಬಾಂಡ್ ಮೇಲೆ. 2021ರ 'ನೋ ಟೈಮ್ ಟು ಡೈ' ಕೊರೊನಾದಿಂದ ಮೂರು ಸಲ ಮುಂದಕ್ಕೆ ಹೋಗಿ ಕೊನೆಗೂ ಬಂದು 77 ಕೋಟಿ ಡಾಲರ್ ಗಳಿಸಿತು. 2025ರ ಫೆಬ್ರುವರಿಯಲ್ಲಿ ಬಾಂಡ್‌ನ ಸೃಜನಶೀಲ ಹಿಡಿತ ದಶಕಗಳಿಂದ ಆ ಚಿತ್ರಗಳನ್ನು ನಿರ್ಮಿಸಿದ ಬ್ರೊಕೊಲಿ ಕುಟುಂಬದಿಂದ ಅಮೆಜಾನ್‌ಗೆ ಹೋಯಿತು. ನಿರ್ದೇಶಕ ಡೆನಿ ವಿಲ್ನೋವ್, ಬರಹಗಾರ ಸ್ಟೀವನ್ ನೈಟ್. ಬಾಂಡ್ ಬದಲಾದಾಗ ಏನಾಗುತ್ತದೆ ಅನ್ನುವುದಕ್ಕೆ ಹಳೆಯ ದಾಖಲೆ ಇದೆ. 1969ರಲ್ಲಿ ಶಾನ್ ಕಾನರಿ ಬಿಟ್ಟು ಜಾರ್ಜ್ ಲೇಜನ್‌ಬಿ ಬಂದಾಗ ಗಳಿಕೆ ಇಳಿಯಿತು. 1987ರಲ್ಲಿ ತಿಮೋತಿ ಡಾಲ್ಟನ್ ಬಂದಾಗ ಏರಿತು. 1995ರಲ್ಲಿ ಪಿಯರ್ಸ್ ಬ್ರಾಸ್ನನ್ ಬಂದಾಗ ಹಿಂದಿನ ಚಿತ್ರದ ದುಪ್ಪಟ್ಟಿಗೂ ಮೇಲೆ ಹೋಯಿತು. 2006ರಲ್ಲಿ ಕ್ರೇಗ್ ಬಂದಾಗಲೂ ಏರಿಕೆಯೇ. 1989ರಿಂದ 95ರವರೆಗಿನ ಆರು ವರ್ಷದ ಬಿಡುವು ಬಾಂಡ್‌ಗೆ ನಷ್ಟ ಮಾಡಲಿಲ್ಲ. ಈ ಸಲ ಅಂತರ ಅದಕ್ಕಿಂತಲೂ ದೊಡ್ಡದಾಗುವುದು ಹೆಚ್ಚುಕಡಿಮೆ ಖಚಿತ.

ನನ್ನನ್ನು ಕೇಳಿದರೆ ಒಂದು ಅಂಕಿ ಹೇಳುವುದಿಲ್ಲ, 65ರಿಂದ 95 ಕೋಟಿ ಡಾಲರ್ ಅನ್ನುವ ವ್ಯಾಪ್ತಿ ಹೇಳುತ್ತೇನೆ. ಕೆಳಗಿನ ತುದಿ ಚೀನಾ ಕೈಕೊಟ್ಟರೆ, ಹೊಸ ನಟ ಒಗ್ಗದಿದ್ದರೆ. ಮೇಲಿನ ತುದಿ ಐಮ್ಯಾಕ್ಸ್ ಪರದೆಗಳು ಮೂರು ವಾರ ಸಿಕ್ಕಿ, ಬ್ರಿಟನ್ ಹಿಂದಿನಂತೆ ಮುಗಿಬಿದ್ದರೆ. ಬಜೆಟ್‌ನ ಎರಡೂವರೆ ಪಟ್ಟು ಬಂದರೆ ಅಸಲು ಹುಟ್ಟಿತು ಅನ್ನುವುದು ಹಾಲಿವುಡ್‌ನ ಒರಟು ಲೆಕ್ಕ. 25 ಕೋಟಿಯಲ್ಲಿ ಮಾಡಿದರೆ 62 ಕೋಟಿ ಸಾಕು. 35 ಕೋಟಿ ಸುರಿದರೆ 87 ಕೋಟಿ ಬೇಕು. ಒಂದೇ ಜನ, ಒಂದೇ ಟಿಕೆಟ್, ಒಂದರಲ್ಲಿ ಹಿಟ್, ಇನ್ನೊಂದರಲ್ಲಿ ಫ್ಲಾಪ್.

ಅದೂ ಅಮೆಜಾನ್ ಹಳೇ ಸ್ಟುಡಿಯೋಗಳ ಹಾಗೆ ಲೆಕ್ಕ ಹಾಕಿದರೆ. ಅದಕ್ಕೆ ಮನೆಯಲ್ಲೇ ಚಿತ್ರ ನೋಡುವ ಚಂದಾ ಸೇವೆ ಪ್ರೈಮ್ ಇದೆ. ಆಪಲ್ 2024ರಲ್ಲಿ 'ಆರ್ಗೈಲ್' ಅನ್ನುವ ಗೂಢಚಾರಿ ಚಿತ್ರಕ್ಕೆ 20 ಕೋಟಿ ಡಾಲರ್ ಕೊಟ್ಟಿತು ಅಂತ ವರದಿಯಾಗಿತ್ತು. ಚಿತ್ರಮಂದಿರಗಳಲ್ಲಿ ಅದು 10 ಕೋಟಿಯನ್ನೂ ಮುಟ್ಟಲಿಲ್ಲ. ಹಳೆಯ ಸ್ಟುಡಿಯೋ ಒಂದಕ್ಕೆ ಅದು ಸೊಂಟ ಮುರಿಯುವ ಪೆಟ್ಟು. ಆಪಲ್‌ಗೆ ಏನೂ ಆಗಲಿಲ್ಲ. ನಾಳೆ ಹೊಸ ಬಾಂಡ್ 60 ಕೋಟಿ ಡಾಲರ್‌ಗೆ ನಿಂತು, ಆಮೇಲೆ ಪ್ರೈಮ್‌ಗೆ ಒಂದಷ್ಟು ಲಕ್ಷ ಚಂದಾದಾರರನ್ನು ತಂದರೆ ಅದನ್ನು ಗೆಲುವು ಅನ್ನಬೇಕೋ ಸೋಲು ಅನ್ನಬೇಕೋ ಹೇಳುವ ಅಂಕಿ ಆ ಕಂಪನಿಯ ಒಳಗೇ ಉಳಿಯುತ್ತದೆ. ಹೊರಗಿನವರಿಗೆ ಸಿಗುವುದು ಚಿತ್ರಮಂದಿರದ ಅರ್ಧ ಲೆಕ್ಕ ಮಾತ್ರ.